ಕಾಶ್ಯಪ ಗೋತ್ರದ ಬ್ರೊಮ್‌ವಿನ್

"ಒಂದೇ ಒಂದು ವಾರ ಕೊಡು! ಅಷ್ಟರಲ್ಲಿ ಈ ಆಟ ನಿನ್ನ ಕಣ್ಣಲ್ಲಿ ನೀರು ತರಿಸದಿದ್ದರೆ ನಾನು ರಘುನಂದನಾಚಾರ್ಯನೇ ಅಲ್ಲ!"

ಹೀಗೆಂದು ತೊಡೆ ತಟ್ಟಿ ನಾನು ನನ್ನ ಹೆತ್ತ ಮಗಳ ಮುಂದೆ ಶಪಥ ಮಾಡಿದೆ. ತಟ್ಟಿದ್ದು ಜೋರಾಗಿ ತೊಡೆ ಉರಿಯಿತು. ಆದರೂ ಶಪಥದ ಗಾಂಭೀರ್ಯ ಕೆಡಬಾರದೆಂದು ಉಜ್ಜಿಕೊಳ್ಳಲಿಲ್ಲ.

ಕಾಶಿಯಲ್ಲಿ ಸೋನಾರ್‌ಪುರದ ಹಿಂದಿನ ಗಲ್ಲಿಯಲ್ಲಿ ನಮ್ಮ ಮನೆ. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಗಂಗೆಯ ದಡದಲ್ಲಿ ಶ್ರಾದ್ಧ, ತರ್ಪಣ ಮಾಡಿಸುವುದು ನಮ್ಮ ತಾತನ ಕಾಲದಿಂದ ಬಂದ ಕಸುಬು. ಅಂಥ ವೈದಿಕ ಮನೆತನದ ನಾನು ಇಲ್ಲಿನ ಲಂಕಾ ಬಡಾವಣೆಯಲ್ಲಿ ಓದುತ್ತಿದ್ದಾಗ ಒಂದು ಸೈಬರ್ ಕೆಫೆಯಲ್ಲಿ 'ಥಾರ್ವೆನ್ ಕೋಟೆ' ಎಂಬ ಕಂಪ್ಯೂಟರ್ ಆಟಕ್ಕೆ ಮನಸೋತೆ. ರಾಜ್ಯ ಕಳೆದುಕೊಂಡ ವೀರನೊಬ್ಬ, ಜೊತೆಗೊಂದಿಷ್ಟು ಸಂಗಾತಿಗಳು, ಕಾಡು, ಕೋಟೆ, ರಾಕ್ಷಸರು! ಮದುವೆಯಾದ ಮೇಲೆ ಆ ಆಟಕ್ಕೆಂದೇ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದು ಮಹಡಿಯ ಕೋಣೆಯಲ್ಲಿ ಪ್ರತಿಷ್ಠಾಪನೆ ಮಾಡಿದೆ. ಈಗ ಅದರ ವಿಸರ್ಜನೆಗೆ ಮುಹೂರ್ತ ಇಟ್ಟವಳು ನನ್ನ ಹೆಂಡತಿ ಶ್ರೀರಮಾ.

"ರೀ, ಪಿತೃಪಕ್ಷ ಬಂತು. ಯಾತ್ರಿಕರ ಹಾಸಿಗೆ ಎಲ್ಲಿ ಹಾಸಲಿ, ನನ್ನ ತಲೆ ಮೇಲಾ? ನಿಮ್ಮ ಆ ಡಬ್ಬಾನ ಗುಜರಿ ಕೊಳ್ಳೋ ಕಬಾಡಿಯವನಿಗೆ ಹಾಕಿಬಿಡಿ."

"ಡಬ್ಬಾ ಅನ್ನಬೇಡ! ಅದರೊಳಗೊಂದು ಮಹಾಕಾವ್ಯ ಇದೆ!"

"ಇದ್ದರೆ ಮಗಳು ಹೇಳಲಿ. ಸಾತ್ವಿಕಾ ಆಡಿ ನೋಡಿ ಚೆನ್ನಾಗಿದೆ ಅಂದರೆ ಇರಲಿ. ಇಲ್ಲಾಂದರೆ ಬರೋ ಭಾನುವಾರ ಕಬಾಡಿ."

ಸಾತ್ವಿಕಾ ಕಿವಿಯಿಂದ ಒಂದು ಇಯರ್‌ಫೋನ್ ಮಾತ್ರ ತೆಗೆದು, "ಅರೇ ಅಪ್ಪಾ, ಇಷ್ಟು ಪುರಾನಾ ಗೇಮ್ ಈಗ ಯಾರು ಆಡ್ತಾರೆ? ಪೂರಾ ಬೋರಿಂಗ್" ಎಂದಳು. ಆಗ ನಾನು ತಟ್ಟಿದ್ದೇ ಆ ತೊಡೆ.

ನಿಮಗೆ ನಿಜ ಹೇಳಿಬಿಡುತ್ತೇನೆ. ಕಂಪ್ಯೂಟರ್ ಹೋದರೆ ನನಗೆ ಅಂಥ ದುಃಖವೇನೂ ಇರಲಿಲ್ಲ. ಆದರೆ ಸಾತ್ವಿಕಾ ಚಿಕ್ಕವಳಿದ್ದಾಗ ಇದೇ ಆಟದ ಮುಂದೆ ನನ್ನ ತೊಡೆಯ ಮೇಲೆ ಕೂತು, ಮಂಡಕ್ಕಿ ತಿನ್ನುತ್ತಾ, "ಅಪ್ಪಾ ಓಡು, ಹಿಂದೆ ಬಂದ!" ಎಂದು ಕಿರುಚುತ್ತಿದ್ದಳು. ಈಗ ಲಂಕಾದಲ್ಲಿ ಕೋಚಿಂಗ್, ಮನೆಯಲ್ಲಿ ಮೊಬೈಲ್. ನಾನು ಕನ್ನಡದಲ್ಲಿ ಉದ್ದಕ್ಕೆ ಏನಾದರೂ ಕೇಳಿದರೆ "ಹಾಂ, ಠೀಕ್ ಹೈ" ಎಂಬ ಗಿಡ್ಡ ಉತ್ತರ. ದಿನಕ್ಕೆ ಒಂದಿಷ್ಟು ಹೊತ್ತು ಮಗಳು ನನ್ನ ಪಕ್ಕದಲ್ಲಿ ಕೂರಲಿ ಎಂಬುದೇ ನನ್ನ ಆಸೆ. ಅದಕ್ಕೆ ಉಳಿದಿದ್ದ ಒಂದೇ ನೆಪ ಆ ಡಬ್ಬಾ!

ಮೊದಲ ಸಂಜೆ ಆಟ ಶುರುವಾಗುವಷ್ಟರಲ್ಲಿ ನನ್ನ ಸಂಧ್ಯಾವಂದನೆ ಮುಗಿದಿತ್ತು. ಕೊನೆಗೂ ಪರದೆಯ ಮೇಲೆ ನಮ್ಮ ವೀರ ಪ್ರತ್ಯಕ್ಷನಾದ. ಸಾತ್ವಿಕಾ ಹತ್ತಿರ ಬಗ್ಗಿ ನೋಡಿದಳು.

"ಅಪ್ಪಾ, ಇವನಿಗೆ ಬೆರಳೇ ಇಲ್ಲ."

"ಮುಷ್ಟಿ ಬಿಗಿ ಹಿಡಿದಿದ್ದಾನೆ. ವೀರ ಅಲ್ವಾ?"

"ಆ ಹೂಕೋಸು ಏನು?"

"ಅದು ಆಲದ ಮರ! ನೀನು ಮರ ಎಣಿಸೋಕೆ ಬಂದೆಯೋ, ಕಥೆ ನೋಡೋಕೋ?"

ಇಷ್ಟಾದರೂ ಅವಳು ಎದ್ದು ಹೋಗದೆ ಇದ್ದದ್ದು ಬ್ರೊಮ್‌ವಿನ್‌ನ ದೆಸೆಯಿಂದ. ಬ್ರೊಮ್‌ವಿನ್ ನಮ್ಮ ವೀರನ ಸಂಗಾತಿ. ಕುಳ್ಳ. ಮೊಣಕಾಲಿನವರೆಗೆ ಗಡ್ಡ, ಕೈಯಲ್ಲೊಂದು ಕೊಡಲಿ, ಹೆಗಲಿಗೊಂದು ಜೋಳಿಗೆ. ಪ್ರತಿ ಯುದ್ಧ ಮುಗಿದ ಮೇಲೂ ಜೋಳಿಗೆ ಬಿಚ್ಚಿ ರೊಟ್ಟಿ ತೆಗೆದು, ಅರ್ಧ ಮುರಿದು ವೀರನಿಗೆ ಕೊಡುತ್ತಾನೆ. ಅವನ ಮಾತು ಕೆಳಗಡೆ ಇಂಗ್ಲಿಷಿನಲ್ಲಿ ಮೂಡುತ್ತದೆ. ನಾನು ಅದನ್ನು ಮಂತ್ರ ಹೇಳಿ ಪಳಗಿದ ಗಂಟಲಿನಲ್ಲಿ ಕನ್ನಡ ಮಾಡಿ ಹೇಳತೊಡಗಿದೆ. "ತಿನ್ನು ಮಗೂ, ಹಸಿದ ಹೊಟ್ಟೇಲಿ ಯುದ್ಧ ಮಾಡಬಾರದು!" ಸಾತ್ವಿಕಾ ಬಿದ್ದು ಬಿದ್ದು ನಕ್ಕಳು. ಬ್ರೊಮ್‌ವಿನ್ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಕೊಡಬೇಕೆಂದು ನಾನೊಂದು ಕಾನೂನು ಮಾಡಿದೆ. ಅವಳು ಕೊಟ್ಟಳು! ತಂದೆಗೆ ಸಿಗದ ಉತ್ತರ ಕುಳ್ಳನಿಗೆ ಸಿಕ್ಕಿತು. ನನಗೆ ಹೊಟ್ಟೆಕಿಚ್ಚಾಗಲಿಲ್ಲ, ಸಂತೋಷವೇ ಆಯಿತು.

ಎಡವಟ್ಟಾದದ್ದು ನನ್ನ ಮಡಿಯಿಂದ.

ಈ ಆಟದಲ್ಲಿ ಶತ್ರು ಸತ್ತು ಬಿದ್ದ ಮೇಲೆ ಅವನ ಕವಚ, ಕತ್ತಿ, ಬೂಟು ಎಲ್ಲವನ್ನೂ ಬಿಚ್ಚಿಕೊಂಡು ನಮ್ಮ ವೀರನಿಗೆ ತೊಡಿಸಬೇಕು. ಹಾಗೆ ಮಾಡಿದರೇ ಅವನಿಗೆ ಬಲ ಬರುವುದು. ಕೆಫೆಯ ದಿನಗಳಲ್ಲಿ ನಾನೂ ಬಿಚ್ಚಿಕೊಂಡವನೇ. ಆದರೆ ಈಗ ಹೆಣದ ಮೇಲೆ ಮೌಸ್ ಇಡಲು ಹೋದವನು ಕೈ ಹಿಂದಕ್ಕೆ ಎಳೆದುಕೊಂಡೆ.

"ಅವನ ಬೂಟ್ ತಗೋ ಅಪ್ಪಾ! ಮಸ್ತ್ ಇದೆ!"

"ಶಾಂತಂ ಪಾಪಂ! ಸತ್ತವನ ಕಾಲಿನಿಂದ ಎಳೆದುಕೊಳ್ಳೋದಾ? ನಾವು ಎಂಥ ಮನೆತನದವರು!"

ಹಾಸಿಗೆ ಇಡಲು ಬಂದ ಶ್ರೀರಮಾ ಬಾಗಿಲಲ್ಲೇ ನಿಂತಳು. "ಏನ್ರೀ, ಹೋದ ತಿಂಗಳು ಶ್ರಾದ್ಧದ ದಾನ ಅಂತ ಛತ್ರಿ, ಚಪ್ಪಲಿ, ಚೊಂಬು ಹೊತ್ತುಕೊಂಡು ಬಂದಿರಲ್ಲ, ಆಗ ಎಲ್ಲಿ ಹೋಗಿತ್ತು ಈ ಮಡಿ?"

"ಅದು ಮಗನಾದವನು ಸಂಕಲ್ಪ ಮಾಡಿ, ನೀರು ಬಿಟ್ಟು ಕೊಟ್ಟ ದಾನ ಕಣೇ! ಇಲ್ಲಿ ಸಂಕಲ್ಪ ಯಾರು ಮಾಡಿದಾರೆ? ಇದು ಶುದ್ಧ ಲೂಟಿ!"

ಹೀಗಾಗಿ ನಮ್ಮ ವೀರ ಉಕ್ಕಿನ ಕವಚದ ರಾಕ್ಷಸರ ನಡುವೆ ಬರಿಗಾಲಲ್ಲಿ, ಒಂದು ದೊಣ್ಣೆ ಹಿಡಿದು, ಪರಮ ಮಡಿಯಾಗಿ ಮುಂದುವರಿದ. ಪ್ರತಿ ಹೊಡೆದಾಟದಲ್ಲೂ ಒದೆ ತಿಂದ. ಪ್ರತಿ ಸಲವೂ ಬ್ರೊಮ್‌ವಿನ್ನೇ ಕೊಡಲಿ ಬೀಸಿ ಉಳಿಸಿದ.

ಶುಕ್ರವಾರ ಸಂಜೆ ಕೋಟೆಯ ಬಾಗಿಲಲ್ಲಿ ಹೆಬ್ಬಂಡೆಯಂಥ ದೈತ್ಯ ಎದುರಾದ. ನನ್ನ ದೊಣ್ಣೆ ಅವನಿಗೆ ಸೊಳ್ಳೆ ಕಚ್ಚಿದಷ್ಟೂ ಆಗಲಿಲ್ಲ. ಅವನು ಗದೆ ಎತ್ತಿದ. ಸಾತ್ವಿಕಾ "ಅಪ್ಪಾ, ಓಡು!" ಎಂದು ಕಿರುಚಿದಳು. ನಾನು ಗಾಬರಿಯಲ್ಲಿ ಓಡುವ ಗುಂಡಿಯ ಬದಲು ನಮಸ್ಕಾರ ಮಾಡುವ ಗುಂಡಿ ಒತ್ತಿದೆ! ವೀರ ಸೊಂಟ ಬಗ್ಗಿಸಿ ನಿಂತ. ಗದೆ ಇಳಿಯಿತು. ನಡುವೆ ಹಾರಿ ಬಿದ್ದವನು ಬ್ರೊಮ್‌ವಿನ್.

ಪರದೆಯ ಕೆಳಗೆ ಅವನ ಕೊನೆಯ ಮಾತು ಮೂಡಿತು. ನಾನು ಎಂದಿನಂತೆ ದೊಡ್ಡ ದನಿ ತೆಗೆಯಲು ಹೋದೆ, ಆಗಲಿಲ್ಲ. "ಜೋಳಿಗೇಲಿ ಅರ್ಧ ರೊಟ್ಟಿ ಇದೆ, ನೀನು ತಿನ್ನು" ಎಂದು ಪಿಸುಗುಟ್ಟಿದೆ. ಆಮೇಲೆ, ನನ್ನ ಬುದ್ಧಿಗೆ ಏನೆನ್ನಲಿ, ಅಭ್ಯಾಸಬಲದಿಂದ ಆಟವನ್ನು ಸೇವ್ ಮಾಡಿಬಿಟ್ಟೆ! ಅಲ್ಲಿಗೆ ಅವನ ಸಾವು ಶಾಶ್ವತವಾಯಿತು.

ತಿರುಗಿ ನೋಡಿದರೆ ಸಾತ್ವಿಕಾ ಇಲ್ಲ. ಎದ್ದು ಹೋಗಿದ್ದಳು. ಬೇಜಾರಾಗಿ ಹೋದಳು, ಇನ್ನು ಬರುವುದಿಲ್ಲ ಎಂದುಕೊಂಡೆ. ಗೆಳೆಯನೂ ಹೋದ, ಮಗಳೂ ಹೋದಳು.

ಮರುದಿನ ಬೆಳಿಗ್ಗೆ ಕೇದಾರಘಾಟಿನಲ್ಲಿ ಗದಗಿನ ವಾಸುದೇವರಾಯರಿಗೆ ತರ್ಪಣ ಮಾಡಿಸಬೇಕಿತ್ತು. ರಾಯರು ನಿವೃತ್ತ ಹೆಡ್‌ಮಾಸ್ತರು. ಪತ್ನಿ ಅಂಬುಜಾಕ್ಷಿಯವರೊಂದಿಗೆ ನಮ್ಮ ಮನೆಯಲ್ಲೇ ಇಳಿದಿದ್ದರು. ನಾನು ಹೇಳಿದ ಪ್ರತಿ ಅಕ್ಷರವನ್ನೂ ದೀರ್ಘ, ಒತ್ತು ತಪ್ಪದಂತೆ ಒಪ್ಪಿಸುವ ಶಿಸ್ತು ಅವರದು. ತಂದೆ, ತಾತ, ಮುತ್ತಾತ ಆಯಿತು. ತಾಯಿಯ ಕಡೆಯವರಾಯಿತು. ಗುರುಗಳಾಯಿತು. ಕೊನೆಗೆ ಅಗಲಿದ ಗೆಳೆಯರ ಸರದಿ ಬಂತು. ಗೆಳೆಯ ಎಂಬ ಮಾತು ಬಾಯಿಗೆ ಬಂದದ್ದೇ ತಡ, ನನ್ನ ಕಣ್ಣ ಮುಂದೆ ಆ ಗಡ್ಡ, ಆ ಅರ್ಧ ರೊಟ್ಟಿ! ನಾಲಿಗೆ ನನ್ನ ಕೈಮೀರಿತು.

"ಅಸ್ಮತ್ ಸಖಾಯಂ... ಬ್ರೊಮ್‌ವಿನ್ ಶರ್ಮಾಣಂ..."

"ಅಸ್ಮತ್ ಸಖಾಯಂ ಬ್ರೊಮ್‌ವಿನ್ ಶರ್ಮಾಣಂ" ಎಂದು ರಾಯರು ಖಣಖಣ ಒಪ್ಪಿಸಿದರು. ಎಳ್ಳುನೀರು ಬಿಡಲು ಕೈ ಎತ್ತಿದವರು ಅಲ್ಲೇ ತಡೆದರು.

"ಆಚಾರ್ರೇ, ಇವರು ಯಾರ್ರೀ?"

ನನ್ನ ಬೆವರು ಗಂಗೆಗಿಂತ ಜೋರಾಗಿ ಹರಿಯಿತು. "ಅದು... ನನಗೆ ಬೇಕಾದವರು ರಾಯರೇ. ನಿನ್ನೆ ಸಂಜೆ ಹೋಗಿಬಿಟ್ಟರು. ಹಿಂದೆ ಮುಂದೆ ಯಾರೂ ಇಲ್ಲ."

"ಅಯ್ಯ ಪಾಪ! ಗೋತ್ರ ಯಾವುದ್ರೀ?"

ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಹೇಳುವುದು ನಮ್ಮಲ್ಲಿ ರೂಢಿ. ಅಷ್ಟು ಶಾಸ್ತ್ರವನ್ನಾದರೂ ಉಳಿಸೋಣವೆಂದು "ಕಾಶ್ಯಪ" ಎಂದೆ. ಹಾಗೆ, ಕೊಡಲಿ ಹಿಡಿದು ದೈತ್ಯರನ್ನು ಕಡಿಯುತ್ತಿದ್ದ ಕುಳ್ಳನೊಬ್ಬ ಕಾಶಿಯ ಗಂಗೆಯಲ್ಲಿ, ಗದಗಿನ ಹೆಡ್‌ಮಾಸ್ತರರ ಕೈಯಿಂದ, ಕಾಶ್ಯಪ ಗೋತ್ರದ ಶರ್ಮನಾಗಿ ಎಳ್ಳುನೀರು ಪಡೆದ!

ಅಲ್ಲಿಗೇ ಮುಗಿದಿದ್ದರೆ ಬಚಾವಾಗುತ್ತಿದ್ದೆ. ರಾಯರ ಮನಸ್ಸು ಕರಗಿಹೋಗಿತ್ತು. ಮನೆಗೆ ಬರುವ ದಾರಿಯಲ್ಲಿ ಸೋನಾರ್‌ಪುರದ ಅಂಗಡಿಯ ಮುಂದೆ ಈ-ರಿಕ್ಷಾ ನಿಲ್ಲಿಸಿದರು.

"ಯಾರೂ ಇಲ್ಲದವರು ಅಂತೀರಿ. ಅವರ ಹೆಸರಿಲೆ ಒಂದು ಛತ್ರಿ, ಒಂದು ಜೋಡು ಚಪ್ಪಲಿ ದಾನ ಕೊಡ್ತೀನ್ರೀ. ಕಾಲಿನ ಅಳತಿ ಎಷ್ಟಿತ್ತು?"

"ಬೇಡಿ ರಾಯರೇ! ಗಿಡ್ಡ ಆಳು, ಏನೂ ಬೇಡಿ!"

"ಗಿಡ್ಡ ಇದ್ರೇನಾತು, ನಡಿಯೂ ದಾರಿ ಎಲ್ಲಾರಿಗೂ ಅಷ್ಟ ಉದ್ದ ಇರ್ತದಲ್ರೀ!"

ಅವರು ಮಕ್ಕಳ ಅಳತೆಯ ಚಪ್ಪಲಿಯನ್ನೇ ಹುಡುಕಿ ಕೊಂಡರು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಮನೆಯಲ್ಲಿ ಊಟಕ್ಕೆ ಎಲೆ ಹಾಕಿತ್ತು. ಶ್ರೀರಮಾ ಪಾಯಸದ ಪಾತ್ರೆ ಹಿಡಿದು ಬಂದಳು. ರಾಯರು ಛತ್ರಿ, ಚಪ್ಪಲಿಯನ್ನು ಗೋಡೆಗೆ ಒರಗಿಸಿ, ಎಲೆಯ ಮುಂದೆ ಕೂತು, ನಿಟ್ಟುಸಿರು ಬಿಟ್ಟರು.

"ನಿಮ್ಮ ಮನಿಯವರ ದೋಸ್ತರು ಹೋದ್ರಂತಲ್ಲ ತಾಯಿ. ಬ್ರೊಮ್‌ವಿನ್ ಶರ್ಮಾ ಅಂತ. ಭಾಳ ಕೆಟ್ಟ ಅನಿಸ್ತು."

ಶ್ರೀರಮಾಳ ಸೌಟು ಗಾಳಿಯಲ್ಲೇ ನಿಂತಿತು. ನಾನು ಕಣ್ಣು ಮಿಟುಕಿಸಿದೆ, ಕೆಮ್ಮಿದೆ, ಕೈ ಮುಗಿದೆ. ಪ್ರಯೋಜನವಾಗಲಿಲ್ಲ.

"ಬ್ರೊಮ್‌ವಿನ್ನಾ? ಅವನೆಲ್ಲಿ ಹೋದ? ಈಗ ತಾನೇ ಮಹಡಿ ಮೇಲೆ ರೊಟ್ಟಿ ತಿಂತಾ ಕೂತಿದ್ದನಲ್ಲ!"

ರಾಯರ ಬಾಯಿ ತೆರೆದಿದ್ದು ತೆರೆದಂತೆಯೇ ಉಳಿಯಿತು. ನಾನೋ, ಎಲೆ ದಾಟಿ ಮೆಟ್ಟಿಲು ಹತ್ತಿದೆ. ಹಿಂದೆ ರಾಯರು, ಅವರ ಹಿಂದೆ ಅಂಬುಜಾಕ್ಷಿಯವರು, ಕೊನೆಗೆ ಸೌಟು ಹಿಡಿದ ಶ್ರೀರಮಾ.

ಮೇಲೆ ಸಾತ್ವಿಕಾ ಕೋಚಿಂಗಿಗೆ ಚಕ್ಕರ್ ಹೊಡೆದು ಕಂಪ್ಯೂಟರ್ ಮುಂದೆ ಕೂತಿದ್ದಳು. ಪರದೆಯ ಮೇಲೆ ಬ್ರೊಮ್‌ವಿನ್! ಸಾಕ್ಷಾತ್ ಬ್ರೊಮ್‌ವಿನ್! ಗಡ್ಡ ಅಲ್ಲಾಡಿಸುತ್ತಾ ರೊಟ್ಟಿ ಮುರಿಯುತ್ತಿದ್ದಾನೆ. ದೈತ್ಯ ಮಕಾಡೆ ಬಿದ್ದಿದ್ದಾನೆ.

"ಸೇವ್ ಮಾಡಿಬಿಟ್ಟಿದ್ದೆನಲ್ಲೇ! ಹೇಗೆ ಬದುಕಿದ?"

"ಅಪ್ಪಾ, ಕೋಟೆ ಬಾಗಿಲಿಗೆ ಬಂದಾಗ ಗೇಮ್ ತಾನೇ ಒಂದು ಸೇವ್ ಮಾಡ್ಕೊಂಡಿತ್ತು. ನೀನು ಇಷ್ಟು ವರ್ಷ ಆಡಿ ಅದನ್ನ ನೋಡೇ ಇಲ್ವಾ? ಅಲ್ಲಿಂದ ಹಿಂದೆ ಹೋಗಿ, ಸತ್ತವರ ಬೂಟು, ಕವಚ, ಕತ್ತಿ ಎಲ್ಲಾ ತಗೊಂಡೆ. ಎರಡೇ ಏಟಿಗೆ ದೈತ್ಯ ಖತಂ!"

"ನಿನ್ನೆ ಬೇಜಾರಾಗಿ ಎದ್ದು ಹೋದೆಯಲ್ಲ?"

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಅಳು ಬಂತು. ನಿನ್ನ ಮುಂದೆ ಅತ್ತರೆ ನೀನು ಗೆದ್ದೆ ಅಂತ ಕುಣೀತಿದ್ದೆ."

ನಾನು ಗೆದ್ದಿದ್ದೆ! ಕುಣಿಯಬೇಕೆಂದರೆ ಹಿಂದೆ ವಾಸುದೇವರಾಯರು ನಿಂತಿದ್ದರು. ಅವರು ಕನ್ನಡಕ ಒರೆಸಿ, ಪರದೆಯ ಹತ್ತಿರ ಬಗ್ಗಿ, ಬ್ರೊಮ್‌ವಿನ್‌ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ನಾನು ಅವರ ಕಾಲಿಗೆ ಬೀಳುವ ಅಂತರದಲ್ಲಿ ನಿಂತು ನಡೆದದ್ದನ್ನೆಲ್ಲ ಹೇಳಿದೆ.

"ಅಂದ್ರ ಕೊಡಲಿ ಹಿಡಿಯಾಂವಗ ಶರ್ಮಾ ಅಂದಿರಿ. ವರ್ಮಾ ಅನಬೇಕಾಗಿತ್ತು" ಎಂದರು ರಾಯರು. "ಅದೂ ಹೋಗ್ಲಿ. ಹಾಜರಿದ್ದ ಹುಡುಗಗ ಗೈರುಹಾಜರಿ ಹಾಕಿಸಿದಿರಿ ನನ್ನ ಕೈಲೆ!"

ಅಂಬುಜಾಕ್ಷಿಯವರು ಸೆರಗು ಬಾಯಿಗೆ ಅಡ್ಡ ಹಿಡಿದು ಗೋಡೆಗೆ ಒರಗಿ ನಗತೊಡಗಿದರು. ನಗು ರಾಯರಿಗೂ ಹತ್ತಿತು. ನನಗೆ ಹೋದ ಜೀವ ಬಂದಂತಾಯಿತು. ಆದರೆ ಹೆಡ್‌ಮಾಸ್ತರಿಕೆ ಸುಮ್ಮನೆ ಬಿಡುತ್ತದೆಯೇ?

"ಇದಕ್ಕ ಶಾಸ್ತ್ರದಾಗ ದಾರಿ ಅದ ಆಚಾರ್ರೇ, ನಿಮಗೂ ಗೊತ್ತಿರಬೇಕು. ಸತ್ತಾನಂತ ಕರ್ಮಾ ಮಾಡಿದ ಮ್ಯಾಲೆ ಮನಷ್ಯಾ ತಿರುಗಿ ಬಂದ್ರ, ಅಂವಗ ಜಾತಕರ್ಮದಿಂದ ಹಿಡಿದು ಎಲ್ಲಾ ಸಂಸ್ಕಾರ ಮತ್ತ ಮಾಡಬೇಕು."

"ಜಾತಕರ್ಮ ಅಂದರೆ ಏನು ಅಪ್ಪಾ?"

"ಹುಟ್ಟಿದ ತಕ್ಷಣ ಮಾಡೋದು ಕಣೇ" ಎಂದೆ.

"ಅಚ್ಛಾ, ನ್ಯೂ ಗೇಮ್!" ಎಂದು ಸಾತ್ವಿಕಾ ಚಪ್ಪಾಳೆ ತಟ್ಟಿದಳು. "ಹಾಗಾದರೆ ಶುರುವಿನಿಂದ ಆಡೋಣ!"

ಆಡೋಣ ಎಂದಳು! ಆಡುತ್ತೇನೆ ಎನ್ನಲಿಲ್ಲ, ಆಡೋಣ ಎಂದಳು! ನಾನು ಎದೆಯುಬ್ಬಿಸಿ, ಶ್ರೀರಮಾಳ ಕಡೆ ಒಂದು ವಿಜಯದ ನೋಟ ಬೀರಿ, ತೀರ್ಪನ್ನು ಎಲ್ಲರೆದುರೂ ಹೇಳಿಸಲು ನಿರ್ಧರಿಸಿದೆ.

"ಹೇಳಮ್ಮ, ಎಲ್ಲರಿಗೂ ಕೇಳೋ ಹಾಗೆ ಹೇಳು. ಇಷ್ಟು ಹಳೇ ಆಟ, ಇವತ್ತಿಗೂ ಆಡೋಕೆ ಲಾಯಕ್ಕೋ ಅಲ್ಲವೋ?"

"ಲಾಯಕ್ಕೇ ಅಪ್ಪಾ. ಡಬ್ಬಾ ಇಲ್ಲೇ ಇರಲಿ, ದಿನಾ ಸಂಜೆ ಇಬ್ಬರೂ ಕೂರೋಣ" ಎಂದು ಮಗಳು ನನ್ನ ಕೈಗೆ ಎಟುಕದಂತೆ ಮೌಸನ್ನು ತನ್ನ ಕಡೆ ಎಳೆದುಕೊಂಡಳು. "ಆದರೆ ಇದು ಮಾತ್ರ ನನ್ನ ಕೈಯಲ್ಲಿ. ನಿನ್ನ ಕೈಗೆ ಕೊಟ್ಟರೆ ಮೊದಲು ನಮಸ್ಕಾರ ಮಾಡಿ ಜೊತೆಯವರನ್ನ ಕೊಲ್ಲಿಸ್ತೀಯಾ, ಆಮೇಲೆ ಘಾಟಿಗೆ ಹೋಗಿ ಬೇರೆಯವರ ಕೈಯಲ್ಲಿ ತರ್ಪಣ ಬಿಡಿಸ್ತೀಯಾ!"