ಮಷೀನು ಮುಟ್ಟದ ಕೋಟು

"ಈ ಕೋಟಿನೊಳಗೆ ಮಷೀನಿನ ಒಂದೇ ಒಂದು ಹೊಲಿಗೆ ಸಿಕ್ಕಿದರೂ ನನ್ನ ಹೆಸರು ಲಾಯ್ಡ್ ಪೆಂಬರ್ಟನ್ ಅಲ್ಲ!" ಎಂದು ಲಾಯ್ಡ್ ಪೆಂಬರ್ಟನ್ ಮಾರ್ಚ್ ತಿಂಗಳ ಮೊದಲ ಭಾನುವಾರ ತಿಂಡಿಯ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದ. ಆಗಿನ್ನೂ ಕೋಟು ಹುಟ್ಟಿರಲಿಲ್ಲ. ಬಟ್ಟೆಯನ್ನೂ ಕೊಂಡಿರಲಿಲ್ಲ. ವೀರನ ಕೈಯಲ್ಲಿದ್ದ ಆಯುಧವೆಂದರೆ ಬೆಣ್ಣೆ ಸವರುವ ಚಾಕು ಒಂದೇ.

ಹೆಂಡತಿ ಮಾರ್ಲೀನ್ ಟೋಸ್ಟಿನಿಂದ ತಲೆ ಎತ್ತಲಿಲ್ಲ. "ಹೋದ ವಾರ ಅಂಗಿಯ ಗುಂಡಿ ಬಿದ್ದಾಗ ಸ್ಟೇಪ್ಲರ್ ಹೊಡ್ಕೊಂಡು ಚರ್ಚಿಗೆ ಬಂದವನು ನೀನೇ ತಾನೆ?" ಎಂದಳು.

ಆ ಘೋಷಣೆಯ ಹಿಂದೆ ಹದಿನಾಲ್ಕು ವರ್ಷಗಳ ಹೊಟ್ಟೆಯುರಿ ಇತ್ತು. ಹ್ಯೂರನ್ ಸರೋವರದ ದಂಡೆಯ ಪೋರ್ಟ್ ಆಲ್ಡ್ರಿಜ್ ಎಂಬ ಆ ಊರಿನಲ್ಲಿ ಪ್ರತಿ ಮೇ ತಿಂಗಳು ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬದ ಸೋಮವಾರ ಮೆರವಣಿಗೆ ಹೊರಡುತ್ತದೆ. ಎಲ್ಲರಿಗಿಂತ ಮುಂದೆ ಸಾರೋಟು. ಅದರಲ್ಲಿ ಊರು ಕಟ್ಟಿದ, ಹಿಟ್ಟಿನ ಗಿರಣಿಯ ಜೊಸಾಯಾ ಆಲ್ಡ್ರಿಜ್‌ನ ವೇಷ. ವೇಷ ಹಾಕಿದವನಿಗೆ ಕೆಲಸವೇನೂ ಇಲ್ಲ. ಎತ್ತರದ ಟೋಪಿಯನ್ನು ಎತ್ತಿ ಎತ್ತಿ ಎರಡೂ ಬದಿಯ ಜನರಿಗೆ ತೋರಿಸುತ್ತಾ ಹೋದರಾಯಿತು. ಹದಿನಾಲ್ಕು ವರ್ಷದಿಂದ ಆ ಟೋಪಿ ಎತ್ತುತ್ತಿದ್ದವನು ಹಾರ್ಡ್‌ವೇರ್ ಅಂಗಡಿಯ ಡ್ವೇನ್ ಹ್ಯಾಲರನ್. ಹದಿನಾಲ್ಕು ವರ್ಷದಿಂದ ಆ ಸಾರೋಟಿನ ಹಿಂದೆ, ಕುದುರೆ ದಾರಿಯಲ್ಲಿ ಬಿಟ್ಟುಹೋದದ್ದನ್ನು ದಾಟಿಕೊಂಡು, ಹಿಟ್ಟಿನ ಮೂಟೆ ಹೊತ್ತು ನಡೆಯುತ್ತಿದ್ದ 'ಎರಡನೇ ಕೂಲಿಯಾಳು' ನಮ್ಮ ಲಾಯ್ಡ್. ನೀರು ಶುದ್ಧೀಕರಣ ಘಟಕದಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದು ಇಡೀ ಊರಿಗೆ ನೀರು ಕುಡಿಸಿದವನಿಗೆ ಊರು ಹೀಗೆ ವರ್ಷಕ್ಕೊಮ್ಮೆ ತಿರುಗಿ ನೀರು ಕುಡಿಸುತ್ತಿತ್ತು.

ಆದರೆ ಹೋದ ವರ್ಷ ದೇವರು ಕಣ್ಣು ಬಿಟ್ಟ. ಡ್ವೇನ್ ಬಾಡಿಗೆಗೆ ತಂದಿದ್ದ ಕೋಟಿನ ಬೆನ್ನಿಗೆ ಪ್ಲಾಸ್ಟಿಕ್ ಜಿಪ್ಪು ಇತ್ತು. ಅದು ಮೆರವಣಿಗೆಯ ನಡುವೆ ಬಿಚ್ಚಿಕೊಂಡಿತು. ಸ್ಥಾಪಕರ ಬೆನ್ನಿನ ಚಿತ್ರ ಪತ್ರಿಕೆಯ ಮುಖಪುಟಕ್ಕೆ ಏರಿತು. ಮೆರವಣಿಗೆ ಸಮಿತಿಯ ಅಧ್ಯಕ್ಷೆ ಬೆರಿಲ್ ಓಕ್ಸ್ ಅವರು ಮೂರು ದಿನ ಯಾರೊಂದಿಗೂ ಮಾತಾಡಲಿಲ್ಲ. ಹಿಂದೆ ಹೆಡ್‌ಮಿಸ್ಸಾಗಿದ್ದು, ಈಗ ಊರಿನ ಮ್ಯೂಸಿಯಮ್ಮನ್ನೂ ಶಾಲೆಯಂತೆಯೇ ನಡೆಸುತ್ತಿದ್ದ ಅವರು ನಾಲ್ಕನೆಯ ದಿನ ಹೊಸ ನಿಯಮ ಹೊರಡಿಸಿದರು. ಇನ್ನು ಮುಂದೆ ಸ್ಥಾಪಕನಾಗಬೇಕೆನ್ನುವವನು ತನ್ನ ಕೋಟನ್ನು ತಾನೇ ಹೊಲಿಯಬೇಕು. ಹೊಲಿಗೆ ಸ್ಥಾಪಕರ ಕಾಲದ ರೀತಿಯಲ್ಲೇ ಇರಬೇಕು. ಮೆರವಣಿಗೆಗೆ ಎರಡು ದಿನ ಮೊದಲು ಪರೀಕ್ಷೆ.

ಅರ್ಜಿ ಹಾಕಿದವರು ಇಬ್ಬರೇ. ಡ್ವೇನ್ ಮತ್ತು ಲಾಯ್ಡ್.

ಲಾಯ್ಡ್ ಗುರುವನ್ನು ಹುಡುಕಿಕೊಂಡು ಹೋದ. ಬೇಕರಿಯ ಮೇಲಿನ ಕೋಣೆಯಲ್ಲಿ ಸಾಲ್ವತೋರೆ ಎಂಬ ಎಂಬತ್ತಮೂರರ ಇಟಲಿಯ ಮುದುಕ ಇದ್ದ. ಅರ್ಧ ಶತಮಾನ ಊರಿನ ಮದುವೆ ಗಂಡುಗಳಿಗೆಲ್ಲ ಕೋಟು ಹೊಲಿದು, ಈಗ ಕಿಟಕಿಯಲ್ಲಿ ಕೂತು ಅವೇ ಗಂಡುಗಳು ದಪ್ಪಗಾಗಿ ಓಡಾಡುವುದನ್ನು ನೋಡುತ್ತಿದ್ದ. ಲಾಯ್ಡ್ ತನ್ನ ಪ್ರತಿಜ್ಞೆಯನ್ನು ಹೇಳಿದಾಗ ಮುದುಕ ಅವನ ಮುಖ ನೋಡಲಿಲ್ಲ, ಬೆರಳು ನೋಡಿದ. ಬಲಗೈಯ ನಡುಬೆರಳಿಗೆ ದರ್ಜಿಗಳು ತೊಡುವ, ತುದಿ ತೆರೆದ ಬೆರಳುಟೋಪಿ ತೊಡಿಸಿದ. ಬೆರಳನ್ನು ಮಡಚಿ ದಾರದಿಂದ ಬಿಗಿದು ಕಟ್ಟಿದ. ಒಂದು ವಾರ ಹೀಗೇ ಇರಲಿ, ಊಟ ನಿದ್ದೆಯಲ್ಲೂ ಬಿಚ್ಚಬೇಡ, ಆಮೇಲೆ ಬಾ ಎಂದ. ಸೂಜಿಯ ಬೆನ್ನನ್ನು ತಳ್ಳುವುದು ಮಡಚಿದ ಬೆರಳು. ಮೊದಲು ಬೆರಳು ಕಲಿಯಬೇಕು, ಆಳು ಆಮೇಲೆ ಕಲಿತರಾಯಿತು.

ಒಂದು ವಾರ ಲಾಯ್ಡ್ ನಾಲ್ಕೇ ಬೆರಳಿನ ಸಂಸಾರ ಮಾಡಿದ. ಕಾಫಿ ಲೋಟ ಜಾರಿತು, ಬೂಟಿನ ದಾರ ಕಟ್ಟಲಾಗಲಿಲ್ಲ. ಪಾತ್ರೆ ತೊಳೆಯಲು ಬರುವುದಿಲ್ಲ ಎಂದು ಕಟ್ಟಿದ ಬೆರಳನ್ನು ಪದಕದಂತೆ ಎತ್ತಿ ತೋರಿಸಿದ.

"ತೋರಿಸ್ಬೇಡ, ಗೊತ್ತಿದೆ. ಈ ಮನೆಯಲ್ಲಿ ಮೂವತ್ತೊಂದು ವರ್ಷದಲ್ಲಿ ನೀನು ಬಗ್ಗಿಸಿದ ಮೊದಲನೇ ಬೆರಳು ಅದು" ಎಂದಳು ಮಾರ್ಲೀನ್.

ಎರಡನೆಯ ಪಾಠ ಕೂರುವುದು. ಹಳೆಯ ಕಾಲದ ದರ್ಜಿಗಳು ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಮೇಜಿನ ಮೇಲೆ ಚಕ್ಕಳಮಕ್ಕಳ ಹಾಕಿ, ಕೋಟನ್ನು ತೊಡೆಯ ಮೇಲೆ ಹರಡಿಕೊಂಡು ಹೊಲಿಯುತ್ತಿದ್ದರು. ಹೀಗೆ ಕೂತರೆ ಬಟ್ಟೆ ನೆಲಕ್ಕೆ ತಾಗದು, ಕಿಟಕಿಯ ಬೆಳಕೂ ಚೆನ್ನಾಗಿ ಬೀಳುತ್ತದೆ. ಹುಟ್ಟಿದಾಗಿನಿಂದ ಕುರ್ಚಿ ಬಿಟ್ಟು ಕೆಳಗೆ ಕೂರದ ಅರವತ್ತೊಂದರ ಮಂಡಿಗಳು ಇದಕ್ಕೆ ಒಪ್ಪುವಂಥವಲ್ಲ. ಲಾಯ್ಡ್ ಬಿಡಲಿಲ್ಲ. ಊಟದ ಮೇಜು ಹತ್ತಿ, ಮೊದಲು ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಮಡಚಿದ. ಬಲಗಾಲಿಗೆ ಮಾರ್ಲೀನಳನ್ನು ಕರೆದ. ಅಂದಿನಿಂದ ದಂಪತಿಗಳ ಊಟ ಅಡುಗೆಮನೆಯ ಕಟ್ಟೆಯ ಪಕ್ಕ ನಿಂತುಕೊಂಡು.

ಅನಾಹುತವಾದದ್ದು ಏಪ್ರಿಲ್ ಕೊನೆಯಲ್ಲಿ. ಕೋಟಿನ ಕಾಲರಿನಿಂದ ಇಳಿದು ಎದೆಯ ಮೇಲೆ ಹೊರಳಿ ಮಲಗುವ ಆ ಅಗಲದ ಮಡಿಕೆ ಇದೆಯಲ್ಲ, ಅದು ಇಸ್ತ್ರಿಯಿಂದ ಹೊರಳುವುದಲ್ಲ. ಒಳಗೆ ಕುದುರೆಗೂದಲಿನ ಕ್ಯಾನ್ವಾಸು ಇಟ್ಟು, ಬಟ್ಟೆಯನ್ನು ಬೆರಳ ಮೇಲೆ ಬಗ್ಗಿಸಿ ಹಿಡಿದು, ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆಗಳನ್ನು ಸಾಲು ಸಾಲಾಗಿ ಹಾಕಬೇಕು. ಒಂದೊಂದು ಹೊಲಿಗೆಯೂ ಹೊರಬಟ್ಟೆಯ ಒಂದೇ ಎಳೆಯನ್ನು ಕಚ್ಚಬೇಕು. ಎರಡು ಕಚ್ಚಿದರೆ ಹೊರಗೆ ಕುಳಿ ಬೀಳುತ್ತದೆ. ಒಂದೂ ಕಚ್ಚದಿದ್ದರೆ ಹೊಲಿದದ್ದೇ ಸುಳ್ಳು. ಲಾಯ್ಡ್ ಆ ದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ಧ್ಯಾನಕ್ಕೆ ಕೂತ ಋಷಿಯಂತೆ ಕೂತು ಏಳುನೂರು ಹೊಲಿಗೆ ಹಾಕಿದ. ಸೂಜಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತಿತ್ತು. ವಿದ್ಯೆ ಒಲಿಯಿತು ಎಂದುಕೊಂಡ.

ಆಗ ಬಾಗಿಲು ತಟ್ಟಿದ ಸದ್ದು. ಬೆರಿಲ್ ಓಕ್ಸ್! ಸಮಿತಿಯ ಪ್ರಕಟಣೆಗೆ ಅಭ್ಯರ್ಥಿಗಳ ಫೋಟೋ ತೆಗೆಯಲು ಬಂದಿದ್ದರು. ಅವರನ್ನು ಮಾರ್ಲೀನ್ ನೇರವಾಗಿ ಊಟದ ಕೋಣೆಗೇ ಕರೆತಂದಳು. ಲಾಯ್ಡ್ ಗೌರವದಿಂದ ಏಳಲು ಹೋದ. ಏಳಲಾಗಲಿಲ್ಲ. ಕಾಲು ಜೋಮು ಹಿಡಿದಿದೆ ಎಂದುಕೊಂಡ. ಜೋಮು ಹಿಡಿದದ್ದು ನಿಜವೇ. ಆದರೆ ಅದಕ್ಕಿಂತ ದೊಡ್ಡ ಸತ್ಯ ತೊಡೆಯ ಮೇಲೆ ಮಲಗಿತ್ತು. ಕೋಟಿನ ಮಡಿಕೆ ಪ್ಯಾಂಟಿನ ಎಡಗಾಲಿಗೆ ಹೊಲಿದುಕೊಂಡಿತ್ತು. ಅಲ್ಲಿಂದ ಮುಂದುವರಿದು ಬಲಗಾಲಿಗೂ. ಏಳುನೂರು ಹೊಲಿಗೆಗಳು ಸೇರಿ ಅವನನ್ನು ಪದ್ಮಾಸನದಲ್ಲೇ ಮುದ್ರೆ ಒತ್ತಿ ಭದ್ರಪಡಿಸಿದ್ದವು.

"ಏಳಬೇಡಿ, ಹಾಗೇ ಇರಿ. ಸಹಜವಾಗಿ ಬರಲಿ" ಎಂದು ಬೆರಿಲ್ ಕ್ಯಾಮೆರಾ ತೆಗೆದರು.

ಫೋಟೋ ಮುಗಿಯಿತು. ಅವರು ಕೈಕುಲುಕಲು ಬಂದರು. ಲಾಯ್ಡ್ ಕೈ ಕೊಡಲು ವಾಲಿದವನು ಹಾಗೇ ಪೂರ್ತಿ ವಾಲಿ, ಮಡಚಿದ ಕಾಲುಗಳ ಸಮೇತ ಮೇಜಿನ ಮೇಲೆ ಮಗುಚಿದ. ಮಾರ್ಲೀನ್ ಬಗ್ಗಿ ನೋಡಿದಳು. ಅರ್ಥವಾಯಿತು. ಕತ್ತರಿ ತಂದಳು.

"ಹೊಲಿಗೆ ಬಿಚ್ಚಲಾ?"

"ಬಿಚ್ಚಿದ್ರೆ ನೋಡು! ಏಳುನೂರು ಇದೆ."

"ಮತ್ತೆ ಇದು ನಿನ್ನ ಒಳ್ಳೇ ಪ್ಯಾಂಟು."

"ಪ್ಯಾಂಟು ಇವತ್ತು ಬರುತ್ತೆ, ನಾಳೆ ಹೋಗುತ್ತೆ. ಕತ್ತರಿಸು" ಎಂದ ಲಾಯ್ಡ್, ರಣರಂಗದಲ್ಲಿ ಕಾಲು ಕೊಟ್ಟು ಧ್ವಜ ಉಳಿಸುವವನ ದನಿಯಲ್ಲಿ.

ಬೆರಿಲ್ ಅವರು ಬೆನ್ನು ತಿರುಗಿಸಿ, ಗೋಡೆಯ ಮೇಲಿನ ಪಿಂಗಾಣಿ ತಟ್ಟೆಗಳನ್ನು ಬಹಳ ಹೊತ್ತು ಮೆಚ್ಚಿಕೊಂಡರು. ಮಾರ್ಲೀನ್ ಎರಡೂ ತೊಡೆಗಳ ಮೇಲೆ ಒಂದೊಂದು ಕಿಟಕಿ ತೆರೆದಳು. ಮರುದಿನ ಲಾಯ್ಡ್ ಹೆಮ್ಮೆಯಿಂದ ಕೋಟನ್ನು ಗುರುವಿನ ಮುಂದೆ ಹಿಡಿದ. ಸಾಲ್ವತೋರೆ ಮಡಿಕೆಯನ್ನು ತಿರುಗಿಸಿ, ಹಿಂದೆ ಅಂಟಿದ್ದ ಕಂದು ಬಣ್ಣದ ಪ್ಯಾಂಟಿನ ತುಂಡುಗಳನ್ನು ಕನ್ನಡಕ ಏರಿಸಿ ನೋಡಿದ. ಆಮೇಲೆ ಏಳುನೂರನ್ನೂ ಬಿಚ್ಚಿದ.

ಬೇರೆಯವನಾಗಿದ್ದರೆ ಅಲ್ಲಿಗೆ ಸೂಜಿಗೆ ಕೈಮುಗಿಯುತ್ತಿದ್ದ. ಲಾಯ್ಡ್ ಮನೆಗೆ ಬಂದು ಮತ್ತೆ ಮೇಜು ಹತ್ತಿದ. ಈ ಸಲ ತೊಡೆಯ ಮೇಲೆ ಅಡುಗೆಯ ತಟ್ಟೆ ಇಟ್ಟುಕೊಂಡು ಅದರ ಮೇಲೆ ಹೊಲಿದ. ಕತ್ತಿನ ಕಾಲರನ್ನು ಮೂರು ಸಲ ಬಿಚ್ಚಿಸಿಕೊಂಡು ನಾಲ್ಕನೆಯ ಸಲ ಹಾಕಿದ. ತೋಳು ಹಿಂದುಮುಂದಾದದ್ದನ್ನು ಎರಡು ಸಲ ತಿರುಗಿಸಿದ. ಕಾಜಾ ಹೊಲಿಯುವುದನ್ನು ಹಳೆಯ ಸಾಕ್ಸಿನ ಮೇಲೆ ಅಭ್ಯಾಸ ಮಾಡಿ ಮಾಡಿ ಮನೆಯ ಸಾಕ್ಸುಗಳಿಗೆಲ್ಲ ಗುಂಡಿ ಹಾಕಿಕೊಳ್ಳುವ ಅನುಕೂಲ ಮಾಡಿಕೊಟ್ಟ. ಬೆನ್ನಿನ ಮತ್ತು ಪಕ್ಕೆಯ ಉದ್ದದ ಹೊಲಿಗೆಗಳ ಸರದಿ ಬಂದಾಗ ಸಾಲ್ವತೋರೆ ಮೂಲೆಯಲ್ಲಿದ್ದ ತುಳಿಯುವ ಮಷೀನಿನ ಕಡೆ ಹೆಬ್ಬೆರಳು ತೋರಿಸಿ, "ಇವಕ್ಕೆ ಅದು" ಎಂದ.

ಲಾಯ್ಡ್ ವಿಷದ ಬಟ್ಟಲು ಕಂಡವನಂತೆ ಹಿಂದೆ ಸರಿದ. "ಮೇಷ್ಟ್ರೇ, ನಿಮ್ಮ ಬಾಯಿಂದ ಈ ಮಾತೇ?"

ಮುದುಕ ಹೆಗಲು ಕುಣಿಸಿ ಕಿಟಕಿಯ ಕಡೆ ತಿರುಗಿದ. ಲಾಯ್ಡ್ ಆ ಉದ್ದದ ಹೊಲಿಗೆಗಳನ್ನು ಹಿಂದಕ್ಕೊಂದು ಮುಂದಕ್ಕೊಂದು ಎಂದು ಕೈಯಲ್ಲೇ ಹಾಕಿ ಹನ್ನೆರಡು ದಿನದಲ್ಲಿ ಮುಗಿಸಿದ. ಅತ್ತ ಡ್ವೇನ್ ತನ್ನ ಅಕ್ಕನ ಮಷೀನು ತಂದು ಎರಡು ವಾರಾಂತ್ಯಗಳಲ್ಲಿ ಕೋಟು ಮುಗಿಸಿದ್ದಾನೆ, ಕಾಲರು ಮಾತ್ರ ಕೈಯಲ್ಲಿ ಹಾಕಿಕೊಂಡಿದ್ದಾನೆ ಎಂದು ಮಾರ್ಲೀನ್ ಸುದ್ದಿ ತಂದಳು. ಲಾಯ್ಡ್ ಅಂದು ಖುಷಿಗೆ ಎರಡು ಬೆಣ್ಣೆ ಟಾರ್ಟು ಜಾಸ್ತಿ ತಿಂದ.

ಪರೀಕ್ಷೆಯ ಶನಿವಾರ ಬಂತು. ಮ್ಯೂಸಿಯಮ್ಮಿನ ಉದ್ದದ ಮೇಜಿನ ಮೇಲೆ ಎರಡು ಕೋಟುಗಳು. ಸಾಲ್ವತೋರೆಯೂ ತಜ್ಞನಾಗಿ ಬಂದಿದ್ದ. ಲಾಯ್ಡನ ಮಡಿಕೆ ಅಲೆಯಂತೆ ಹೊರಳಿತ್ತು. ಡ್ವೇನ್‌ನ ಮಡಿಕೆ ಸತ್ತ ಮೀನಿನಂತೆ ಬಿದ್ದಿತ್ತು. ಬೆನ್ನಿನ ಹೊಲಿಗೆಯಂತೂ ಡ್ವೇನ್‌ನದು ಕುಡಿದು ಮನೆಗೆ ಹೊರಟವನ ಹೆಜ್ಜೆ. ಲಾಯ್ಡ್ ಟೋಪಿ ಎತ್ತುವ ಕೈಯನ್ನು ಜೇಬಿನೊಳಗೇ ಅಭ್ಯಾಸ ಮಾಡಿಕೊಳ್ಳತೊಡಗಿದ.

ಬೆರಿಲ್ ಅವರು ಒಳಗಿನಿಂದ ಒಂದು ಪೆಟ್ಟಿಗೆ ತಂದರು. ಬಿಳಿ ಕೈಗವಸು ತೊಟ್ಟು, ತೆಳು ಕಾಗದ ಸರಿಸಿ, ಮೂರನೆಯ ಕೋಟೊಂದನ್ನು ಮೇಜಿನ ಮೇಲೆ ಮಲಗಿಸಿದರು. ಸಾಕ್ಷಾತ್ ಜೊಸಾಯಾ ಆಲ್ಡ್ರಿಜ್ ಅವರ ಕೋಟು. ಸಾವಿರದ ಎಂಟುನೂರ ಎಪ್ಪತ್ತನಾಲ್ಕರಲ್ಲಿ ಗಿರಣಿಯ ಉದ್ಘಾಟನೆಗೆ ಹಾಕಿಕೊಂಡದ್ದು. ಹೋಲಿಸಿ ನೋಡಲು ಅದರ ಒಳಗನ್ನು ಹೊರಗೆ ಮಾಡಿದರು. ಅಸ್ತರು ಒಂದು ಕಡೆ ಸವೆದು ಬಿಟ್ಟುಕೊಂಡಿತ್ತು. ಅದರ ಕೆಳಗೆ, ಕತ್ತಿನಿಂದ ಸೊಂಟದವರೆಗೆ, ಉದ್ದಕ್ಕೂ ಮಷೀನಿನ ಹೊಲಿಗೆ. ಅದೂ ಸೊಟ್ಟ.

ಲಾಯ್ಡ್ ಗುರುವಿನ ಕಡೆ ತಿರುಗಿದ. "ಆಗಲೇ ಮಷೀನು ಇತ್ತಾ?"

"ನನ್ನ ಮುತ್ತಜ್ಜನ ಹತ್ತಿರಾನೇ ಎರಡು ಇತ್ತು. ಉದ್ದಕ್ಕೆ ಮಷೀನು, ಮಡಿಕೆಗೆ, ಕಾಲರಿಗೆ ಕೈ. ಯಾವಾಗ್ಲೂ ಹಾಗೇ."

"ಮತ್ತೆ ಹೇಳ್ಬಾರ್ದಿತ್ತಾ?"

"ಹೇಳ್ದೆ. ನೀನು ನನಗೆ ಭಾಷಣ ಮಾಡ್ದೆ."

ಲಾಯ್ಡ್ ಕೊನೆಯ ಬಾಣ ಬಿಟ್ಟ. "ಆದ್ರೆ ಬೆರಿಲ್ ಮೇಡಂ, ನನ್ನ ಕೋಟು ಚೆನ್ನಾಗಿದೆ."

"ಬಹಳ ಚೆನ್ನಾಗಿದೆ ಲಾಯ್ಡ್. ಆದ್ರೆ ಚೆನ್ನಾಗಿರ್ಬೇಕು ಅಂತ ನಾನು ನಿಯಮ ಮಾಡಿಲ್ಲ. ಸ್ಥಾಪಕರದ್ದರ ಹಾಗೆ ಇರ್ಬೇಕು ಅಂತ ಮಾಡಿದ್ದೀನಿ." ಅವರು ಲಾಯ್ಡನ ಕೋಟಿನ ಮೇಲೆ ಕೈಯಾಡಿಸಿದರು. "ಇದು ಮಷೀನು ಬರೋದಕ್ಕೆ ಮುಂಚಿನ ಕೆಲಸ. ಅಂದ್ರೆ ಜೊಸಾಯಾ ಅವರ ಕೋಟಲ್ಲ. ಅವರ ತಂದೆಯ ಕೋಟು."

ಹೀಗೆ ಸಾರೋಟು ಮತ್ತೆ ಡ್ವೇನ್‌ನ ಪಾಲಾಗಿ, ಲಾಯ್ಡನಿಗೆ ಬಡ್ತಿ ಸಿಕ್ಕಿತು. ಎರಡನೇ ಕೂಲಿಯಾಳು ಒಂದೇ ಜಿಗಿತಕ್ಕೆ ಸ್ಥಾಪಕರ ತಂದೆಯಾದ. ಮ್ಯೂಸಿಯಮ್ಮಿನ ದಾಖಲೆಯ ಪ್ರಕಾರ ತಂದೆ ಎಬನೀಜರ್ ಆಲ್ಡ್ರಿಜ್ ಮುಪ್ಪಿನಲ್ಲಿ ಮಗನೊಂದಿಗೆ ಈ ಊರಿಗೆ ಬಂದವರು. ಕೊನೆಯ ಆರು ವರ್ಷ ಗಾಲಿಕುರ್ಚಿಯಿಂದ ಎದ್ದವರಲ್ಲ. ಕುರ್ಚಿ ತಳ್ಳಲು ಅವರ ಪತ್ನಿಯ ಪಾತ್ರಕ್ಕೆ ಮಾರ್ಲೀನ್ ಒಪ್ಪಿಕೊಂಡಳು. ಆದರೆ ತನಗಿಂತ ಏಳು ವರ್ಷ ದೊಡ್ಡವನಾದ ಡ್ವೇನ್‌ನನ್ನು ಹೆತ್ತ ನೆನಪು ತನಗೆ ಎಷ್ಟು ಯೋಚಿಸಿದರೂ ಬರುತ್ತಿಲ್ಲ ಎಂದು ಸಮಿತಿಗೆ ಸ್ಪಷ್ಟಪಡಿಸಿದಳು.

ಸೋಮವಾರ ಸರೋವರದ ಕಡೆಯಿಂದ ಹಿಮ ಬೆರೆತ ಗಾಳಿ ಬೀಸಿತು. ಬೆರಿಲ್ ಅವರು, ಮುದುಕರನ್ನು ಈ ಚಳಿಯಲ್ಲಿ ಹೀಗೇ ಕೂರಿಸುವುದು ಆ ಕಾಲದ ಪದ್ಧತಿಯಲ್ಲ ಎಂದು, ಲಾಯ್ಡನ ಪಾದದಿಂದ ಗದ್ದದವರೆಗೆ ಒಂದು ಬಣ್ಣಬಣ್ಣದ ಚೌಕುಳಿ ಕಂಬಳಿ ಹೊದಿಸಿ ಅಂಚುಗಳನ್ನು ಕುರ್ಚಿಯೊಳಗೆ ಸಿಕ್ಕಿಸಿದರು. ಲಾಯ್ಡ್ ಒಂದು ಮೂಲೆ ಸರಿಸಿ ಮಡಿಕೆಯನ್ನು ಹೊರಗೆ ಇಣುಕಿಸಿದ. ಸಾರೋಟಿನ ಮೇಲಿಂದ ಸೊಟ್ಟ ಹೊಲಿಗೆಯ ಡ್ವೇನ್ ಟೋಪಿ ಎತ್ತಿ ಹಿಂದಕ್ಕೆ ತಿರುಗಿ, "ಅಪ್ಪಾ, ಎದೆ ಮುಚ್ಕೋ, ಶೀತ ಆಗುತ್ತೆ" ಎಂದು ಇಡೀ ಬೀದಿಗೆ ಕೇಳುವಂತೆ ಕಾಳಜಿ ತೋರಿಸಿದ. ಮಾರ್ಲೀನ್ ಕಂಬಳಿಯನ್ನು ಮತ್ತೆ ಗದ್ದದವರೆಗೆ ಎಳೆದಳು.

ಅಂಚೆ ಕಚೇರಿಯ ತಿರುವಿನಲ್ಲಿ ಮೆರವಣಿಗೆ ತುಸು ನಿಂತಿತು. ಪಾದಚಾರಿ ಹಾದಿಯಿಂದ ಬೇರೆ ಊರಿನ ಹೆಂಗಸೊಬ್ಬಳು ಇಳಿದು ಬಂದು, ಲಾಯ್ಡನ ಮುಂದೆ ಬಗ್ಗಿ, ಕಣ್ಣರಳಿಸಿ ನೋಡಿದಳು.

"ಎಷ್ಟು ಚೆಂದ ಇದೆ! ಎಲ್ಲ ಕೈಯಲ್ಲೇ ಮಾಡಿದ್ದಾ?" ಎಂದು ಕಂಬಳಿಯನ್ನು ಸವರಿದಳು.

ಮಾರ್ಲೀನ್ ಗಂಡನ ನೆತ್ತಿಯನ್ನೇ ನೋಡಿದಳು. ಹನ್ನೊಂದು ವಾರದ ದುಡಿಮೆಗೆ ಬೀದಿಯ ಜನರಿಂದ ಸಿಕ್ಕ ಮೊದಲ ಮೆಚ್ಚುಗೆ ಅದು. ಲಾಯ್ಡ್ ಕಂಬಳಿಯ ಒಳಗೆ ಒಂದು ಕ್ಷಣ ಯೋಚಿಸಿದ. ಆಮೇಲೆ ತಲೆ ತಗ್ಗಿಸಿದ.

"ಹೌದು ತಾಯಿ," ಎಂದ, "ಒಂದೊಂದು ಹೊಲಿಗೆಯೂ."