ಚೆಲ್ವಿ ನುಂಗಿದ ಸೂಜಿಗಲ್ಲು

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಟ್ಟಿದವನು ಖಂಡಿತ ಯಾವುದೋ ವಿಜ್ಞಾನದ ಮೇಷ್ಟರ ಪಕ್ಕದ ಮನೆಯಲ್ಲಿ ವಾಸವಾಗಿದ್ದಿರಬೇಕು. ತಮಿಳುನಾಡಿನ ಗಡಿಯ ನಮ್ಮ ಉದ್ದನಪಲ್ಲಿಯಲ್ಲಿ ಬಸ್ಸು ಹತ್ತಿ ರಾಯಕೋಟೆಗೆ ಹೋಗಿ, ಮಕ್ಕಳ ಮುಂದೆ ವಿದ್ಯುತ್ತು, ಕಾಂತ ಎಂದು ಗಂಟಲು ಹರಿದುಕೊಳ್ಳುವ ನನಗೆ ಊರ ಹೊರಗೆ ತಕ್ಕಮಟ್ಟಿನ ಮರ್ಯಾದೆಯುಂಟು. ಮನೆಯಲ್ಲಿ ಫ್ಯೂಸು ಹೋದರೆ ಮಾತ್ರ ನನ್ನ ಹೆಂಡತಿ ಸರೋಜ ನನ್ನನ್ನು ದಾಟಿಕೊಂಡು ಹೋಗಿ ಎದುರುಮನೆಯ ಟೈಲರನ್ನು ಕರೆಯುತ್ತಾಳೆ. ಅವನ ಅರ್ಹತೆಯೇನು ಎಂದು ಒಮ್ಮೆ ಕೇಳಿದ್ದಕ್ಕೆ, ಅವನು ಹೊಲಿಗೆ ಮಿಷನ್ನಿಗೆ ಮೋಟಾರು ಹಾಕಿಸಿಕೊಂಡಿದ್ದಾನೆ ಎಂಬ ಉತ್ತರ ಬಂತು. ನನ್ನ ವಿದ್ಯೆಯನ್ನು ಮನೆಯವರ ಕಣ್ಣೆದುರೇ ಒಮ್ಮೆ ಸಾಬೀತು ಮಾಡಬೇಕೆಂದು ಆಗಿನಿಂದಲೂ ಸಮಯ ಕಾಯುತ್ತಿದ್ದೆ.

ಸಮಯ ಬಂದದ್ದು ನಮ್ಮ ಕೊಟ್ಟಿಗೆಗೆ ಹೊಸ ಶೀಟು ಹೊದೆಸಿದಾಗ. ಕೆಲಸದವರು ಹೋದ ಮೇಲೆ ನೋಡಿದರೆ ಅಂಗಳದ ತುಂಬ ಮೊಳೆ, ಸ್ಕ್ರೂ, ಕಂಬಿಯ ಚೂರು. ನಮ್ಮವ್ವನಿಗೆ ಚೆಲ್ವಿಯದೇ ಚಿಂತೆ. ಚೆಲ್ವಿ ನಮ್ಮ ಹಸು. ತಾಯಿ ಸತ್ತ ಕರುವಿಗೆ ಅವ್ವ ಸೀಸೆಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು, ಈಗ ಚೊಚ್ಚಲ ಗಬ್ಬ. ಹುಲ್ಲಿನ ಜೊತೆ ಒಂದು ಮೊಳೆ ಒಳಗೆ ಹೋದರೆ ಗತಿಯೇನು ಎಂದು ಅವ್ವ ಸೊಂಟ ಹಿಡಿದುಕೊಂಡೇ ಬಗ್ಗಿ ಬಗ್ಗಿ ಹೆಕ್ಕುತ್ತಿದ್ದಳು.

“ಬುಡವ್ವ, ನಾಳೆ ಒಂದ್ ಗಳಿಗೇಲಿ ಎಲ್ಲಾ ಎತ್ತುಬುಡ್ತೀನಿ” ಅಂದೆ.

ಮಾರನೆಯ ದಿನ ಶಾಲೆಯಿಂದ ಹೆಡ್‌ಮಿಸ್‌ಗೆ ಹೇಳಿ ದಂಡಕಾಂತ ತಂದೆ. ಈ ವಸ್ತುವಿಗೆ ನಮ್ಮ ಕಡೆ ಹೆಸರಿಗೇನೂ ಬರವಿಲ್ಲ. ಪಾಠದಲ್ಲಿ ತಮಿಳಿನ ಕಾಂದಂ, ತೆಲುಗು ಮನೆಯ ಮಕ್ಕಳಿಗೆ ಸೂದಂಟು ರಾಯಿ, ನಮ್ಮವ್ವನಿಗೆ ಸೂಜಿಗಲ್ಲು. ನಾನು ತಂದದ್ದು ತೋರುಬೆರಳಿಗಿಂತ ಗಿಡ್ಡ. ತಲೆಮಾರುಗಳ ಮಕ್ಕಳು ನೆಲಕ್ಕೆ ಬೀಳಿಸಿ ಬೀಳಿಸಿ ಅದರ ಮೂಲೆಗಳೆಲ್ಲ ಸವೆದು ಗುಂಡಗಾಗಿದ್ದವು. ಬೀಳಿಸಿದರೆ ಕಾಂತದ ಶಕ್ತಿ ಕುಂದುತ್ತದೆ ಎಂದು ನಾನು ಬೈದದ್ದು ಅಷ್ಟಿಷ್ಟಲ್ಲ. ಆದರೂ ಹಗ್ಗ ಕಟ್ಟಿ ಅಂಗಳದಲ್ಲಿ ಎಳೆದಾಗ ಅದು ಮೈತುಂಬ ಮೊಳೆ ಅಂಟಿಸಿಕೊಂಡು ಮುಳ್ಳುಹಂದಿಯಾಯಿತು. ಟೈಲರೂ ಬಂದು ನಿಂತು ನೋಡಿದ. ನಾನು ಉತ್ತರ ಧ್ರುವ, ದಕ್ಷಿಣ ಧ್ರುವ ಎಂದು ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ವಿವರಿಸಿದೆ. ಎಲ್ಲ ಮುಗಿದ ಮೇಲೆ ಹಗ್ಗ ಬಿಚ್ಚಿ, ಮಣ್ಣು ನೆನೆಯಲಿ ಎಂದು ಕಾಂತವನ್ನು ನೀರಿದ್ದ ಬಕೆಟ್ಟಿಗೆ ಹಾಕಿ, ಮೊಳೆಯ ರಾಶಿಯನ್ನು ತೋರಿಸಲು ಸರೋಜಳನ್ನು ಕರೆಯಲು ಒಳಗೆ ಹೋದೆ.

ಹೊರಗೆ ಬಂದರೆ ಬಕೆಟ್ಟು ಚೆಲ್ವಿಯ ಮುಂದಿತ್ತು, ಬರಿದಾಗಿತ್ತು.

“ಅದ್ರಾಗೆ ಕಾಂತ ಇತ್ತಲ್ಲವ್ವ!”

“ನಂಗೇನ್ಲಾ ಗೊತ್ತು? ಕೋಲಾಗೆ ಬೂಸ ಕಲಸ್ದೆ, ಇಕ್ದೆ. ಒಂದ್ ತೊಟ್ಟೂ ಬುಡ್ದಂಗೆ ಕುಡ್ಕಂಡೈತೆ.”

ಪ್ಲಾಸ್ಟಿಕ್ ಬಕೆಟ್ಟು. ಕಬ್ಬಿಣದ್ದಾಗಿದ್ದರೆ ತಳಕ್ಕಾದರೂ ಅಂಟಿಕೊಂಡಿರುತ್ತಿತ್ತು. ಇದನ್ನು ನಾನು ಬಾಯಿಬಿಟ್ಟು ಹೇಳಿಯೂ ಬಿಟ್ಟೆ. ಸರೋಜ ನನ್ನನ್ನೇ ನೋಡಿ, “ಮೊಳೆ ನುಂಗ್ಬಿಡ್ತದೆ ಅಂತ ಕಾಂತಾನೇ ನುಂಗ್ಸುದ್ರಾ?” ಅಂದಳು. ಅವ್ವ ಚೆಲ್ವಿಯ ಪಕ್ಕದಲ್ಲಿ ಕುಸಿದು ಕುಳಿತು, “ಗಬ್ಬದ್ ಹಸ ಕಣ್ಲಾ” ಎಂದು ಸೆರಗು ಬಾಯಿಗೊತ್ತಿಕೊಂಡಳು. ನೀರಿನ ಜೊತೆ ಚೆಲ್ಲಿ ಹೋಗಿರಬಹುದೆಂದು ನಾನು ಚರಂಡಿಯ ಕಡೆ ಓಡಿದೆ. ಟೈಲರು ಯಾವಾಗ ಫೋನು ಮಾಡಿದನೋ, ದನದ ಡಾಕ್ಟರಮ್ಮ ಸ್ಕೂಟರಿನಲ್ಲಿ ಬಂದಿಳಿದರು.

ಡಾಕ್ಟರಮ್ಮನ ಮನೆಮಾತು ತಮಿಳು, ನಮ್ಮ ಊರುಗಳನ್ನು ಸುತ್ತಿ ಸುತ್ತಿ ಕನ್ನಡ ಕಲಿತವರು. ಅವ್ವನನ್ನು ತಮಿಳಿನಲ್ಲಿ ಅಜ್ಜಿ ಎಂದು ಕರೆದು ಬೆನ್ನು ಸವರಿ, “ಅಳ್ಬೇಡಿ ಪಾಟಿ, ಮೊದಲು ಅದು ಎಲ್ಲಿದೆ ನೋಡೋಣ. ಗಂಟಲಲ್ಲಿ ಸಿಕ್ಕಿದ್ರೆ ಕಷ್ಟ. ಹೊಟ್ಟೆಗೆ ಇಳಿದಿದ್ರೆ ಮಾತೇ ಬೇರೆ” ಅಂದರು. ಆಮೇಲೆ ನನ್ನ ಕಡೆ ತಿರುಗಿ, “ಸಾರ್, ನೀವು ಸೈನ್ಸ್ ಅಲ್ವಾ, ದಿಕ್ಸೂಚಿ ಇಲ್ವಾ?” ಎಂದು ಕೇಳಿದರು. ಕಾಂತ ಎಲ್ಲಿದೆಯೆಂದು ದಿಕ್ಸೂಚಿ ತೋರಿಸುತ್ತದೆಂಬುದು ಎಂಟನೇ ತರಗತಿಯ ಮಕ್ಕಳಿಗೂ ಗೊತ್ತು. ಅಷ್ಟು ಹೊತ್ತೂ ನಾನು ಚರಂಡಿಯಲ್ಲಿ ಕೋಲಾಡಿಸಿ ಹುಡುಕುತ್ತಿದ್ದೆ.

ಬ್ಯಾಗಿನಲ್ಲಿದ್ದ ಗುಂಡಿಯಷ್ಟು ದಿಕ್ಸೂಚಿ ತಂದು ಚೆಲ್ವಿಯ ಕುತ್ತಿಗೆಯ ಹತ್ತಿರ ಹಿಡಿದೆ. ಮುಳ್ಳು ಹುಚ್ಚು ಹಿಡಿದಂತೆ ತಿರುಗಿತು. “ಗಂಟಲಲ್ಲೇ ಇದೆ!” ಎಂದು ಕೂಗಿದೆ. ಅವ್ವ ಮನೆದೇವರನ್ನು ಕರೆದಳು. ಡಾಕ್ಟರಮ್ಮ ಮಾತ್ರ ತಣ್ಣಗೆ, “ಸಾರ್, ಕುತ್ತಿಗೆಗೆ ಕಟ್ಟಿರೋ ಚೈನು ಕಬ್ಬಿಣದ್ದಲ್ವಾ?” ಅಂದರು. ದಿಕ್ಸೂಚಿಯ ಹತ್ತಿರ ಕಬ್ಬಿಣ ಇರಬಾರದೆಂದು ಬರೆಯದ ಮಕ್ಕಳಿಗೆ ನಾನು ವರ್ಷಾ ವರ್ಷ ಒಂದು ಅಂಕ ಕಳೆಯುತ್ತೇನೆ.

ಸರಪಣಿ ತೆಗೆದು ಹಗ್ಗ ಕಟ್ಟಿದೆವು. ಕುತ್ತಿಗೆಯ ಬಳಿ ಈಗ ಮುಳ್ಳು ಸಾಧುವಾಗಿ ಉತ್ತರಕ್ಕೇ ನಿಂತಿತು. ಎದೆಯ ಬಳಿ ತಂದರೂ ಅಲುಗಲಿಲ್ಲ. ಎಡ ಮುಂಗಾಲಿನ ಬುಡದ ಹಿಂದೆ ತಂದದ್ದೇ ತಡ, ಮುಳ್ಳು ನಿಧಾನವಾಗಿ ಹೊಟ್ಟೆಯ ಕಡೆಗೆ ತಿರುಗಿತು. ಮೇಲೆ ಕೆಳಗೆ ಆಡಿಸಿದರೂ ಅಲ್ಲಿಗೇ ತಿರುಗಿತು. ಡಾಕ್ಟರಮ್ಮ ಎದ್ದು ಕೈ ಒರೆಸಿಕೊಂಡು ನಗತೊಡಗಿದರು.

“ಸಾರ್, ಇದು ನಾವೇ ಮಾಡೋ ಚಿಕಿತ್ಸೆ! ಹಸು ನುಂಗಿದ ಮೊಳೆ, ಕಂಬಿ ಎಲ್ಲಾ ಎರಡನೇ ಹೊಟ್ಟೇಲಿ ಬೀಳುತ್ತೆ. ಅದರ ಮುಂದೇನೇ ಹೃದಯ. ಚುಚ್ಚಿಬಿಟ್ರೆ ಮುಗೀತು. ಅದಕ್ಕೇ ಅಂತ ಕಾಂತ ನುಂಗಿಸ್ತೀವಿ. ಕಬ್ಬಿಣ ಎಲ್ಲಾ ಅದಕ್ಕೆ ಅಂಟ್ಕೊಂಡು ಸುಮ್ನಿರುತ್ತೆ. ನಿಮ್ಮದು ಮೂಲೆ ಚೂಪಾಗಿತ್ತಾ?”

“ಇಲ್ಲ, ಮಕ್ಕಳು ಬೀಳಿಸಿ ಬೀಳಿಸಿ ಗುಂಡಗೆ ಮಾಡಿದ್ದಾರೆ” ಅಂದೆ. ನಾನು ಬೈದ ಆ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಮಿಠಾಯಿ ಹಂಚಬೇಕೆನಿಸಿತು.

“ಹಾಗಾದ್ರೆ ಒಳ್ಳೇದೇ ಆಯ್ತು, ಅಲ್ಲೇ ಇರ್ಲಿ. ಮೇವು ತಿಂದು ಮೆಲುಕು ಹಾಕ್ತಾಳಾ ಅಂತ ಮಾತ್ರ ನೋಡ್ಕೊಳಿ.”

ಆ ಸಂಜೆ ನಾವು ಮೂವರೂ ಕೊಟ್ಟಿಗೆಯಲ್ಲೇ ಕುಳಿತೆವು. ಚೆಲ್ವಿ ಹುಲ್ಲು ತಿಂದಳು, ನೀರು ಕುಡಿದಳು, ಮಲಗಿದಳು, ಸುಮ್ಮನೆ ನಮ್ಮನ್ನು ನೋಡಿದಳು. ಕೊನೆಗೆ ಅವಳ ಗಂಟಲಲ್ಲಿ ಒಂದು ಉಂಡೆ ಮೇಲೇರಿ ಬಂತು, ದವಡೆ ಅತ್ತಿತ್ತ ಆಡಿತು. “ಮೆಲ್ಕು ಹಾಕ್ತಾವ್ಳೆ ಕಣ್ಲಾ!” ಎಂದು ಅವ್ವ ನನ್ನ ತೊಡೆಗೆ ಹೊಡೆದಳು. ನನ್ನ ಬಿ.ಎಡ್. ಫಲಿತಾಂಶ ಬಂದ ದಿನವೂ ನನಗೆ ಅಷ್ಟು ನೆಮ್ಮದಿಯಾಗಿರಲಿಲ್ಲ. ನೆಮ್ಮದಿಯಾದ ಕೂಡಲೇ ಬುದ್ಧಿ ಮತ್ತೆ ಕೆಟ್ಟಿತು. ಒಳಗಿರುವ ಕಾಂತದ ಕೆಂಪು ತುದಿ ಚೆಲ್ವಿಯ ತಲೆಯ ಕಡೆಗಿದೆಯೋ ಬಾಲದ ಕಡೆಗಿದೆಯೋ ಎಂದು ದಿಕ್ಸೂಚಿ ತೆಗೆದೆ. ಸರೋಜ ನೋಡಿದ ನೋಟಕ್ಕೆ ಅದನ್ನು ಅಲ್ಲೇ ಜೇಬಿಗಿಳಿಸಿದೆ.

ಚೆಲ್ವಿ ಸುಖವಾಗಿ ಕರು ಹಾಕಿದಳು. ಹೆಣ್ಣು ಕರು. ಶಾಲೆಗೆ ಹೊಸ ಕಾಂತ ಕೊಂಡು ಕೊಟ್ಟೆ. ಗಿಣ್ಣು ಹಂಚುತ್ತ ಅವ್ವ ಮನೆ ಮನೆಗೂ ಹೇಳಿ ಬಂದದ್ದು ಬೇರೆಯೇ ಕಥೆ: “ಹಸೀಗೆ ಮೊಳೆ ಗಿಳೆ ಚುಚ್ಬಾರ್ದು ಅಂತ ನನ್ ಮಗ ಮೊದ್ಲೇ ಸೂಜಿಗಲ್ಲು ನುಂಗ್ಸವ್ನೆ. ಓದ್ದೋರು ಅಂದ್ರೆ ಸುಮ್ಕೇನಾ!” ತಿದ್ದಲು ಹೋಗಲಿಲ್ಲ. ತಾಯಿಯ ಮಾತನ್ನು ಸುಳ್ಳು ಮಾಡುವುದು ಮಗನಿಗೆ ಶೋಭೆಯಲ್ಲ. ಎಲ್ಲ ಕಣ್ಣಾರೆ ಕಂಡಿದ್ದ ಟೈಲರೂ ಈಗ ಎದುರಾದರೆ ಬೀಡಿ ಹಿಂದಕ್ಕೆ ಮರೆಮಾಡುತ್ತಾನೆ. ತಮ್ಮ ಹಸುಗಳಿಗೂ ಒಂದೊಂದು ನುಂಗಿಸಿ ಎಂದು ಕೇಳಿಕೊಂಡು ಬಂದವರನ್ನು ಡಾಕ್ಟರಮ್ಮನ ಕಡೆ ಕಳಿಸಿದೆ.

ಸರೋಜಳ ಹತ್ತಿರ ಮಾತ್ರ ಈ ಕೀರ್ತಿ ನಡೆಯುವುದಿಲ್ಲ. ನಾನು ಶಾಲೆಯಿಂದ ಬಂದು ಕರು ನೋಡಲು ಕೊಟ್ಟಿಗೆಯ ಕಡೆ ಹೊರಟರೆ ಬಾಗಿಲಲ್ಲಿ ಅಡ್ಡ ನಿಲ್ಲುತ್ತಾಳೆ. ಹೊಸೂರಿನ ಫ್ಯಾಕ್ಟರಿ ಗೇಟಿನಲ್ಲಿ ಕೆಲಸದವರು ತಪಾಸಣೆಗೆ ನಿಲ್ಲುವ ಹಾಗೆ ನಾನು ಕೈ ಅಗಲಿಸಿ ನಿಲ್ಲುತ್ತೇನೆ. ಪೆನ್ನು, ಬೀಗದ ಕೈ, ಕನ್ನಡಕದ ಡಬ್ಬಿ ಎಲ್ಲ ಜಗಲಿಯ ಮೇಲೆ ಕೂರುತ್ತವೆ. ಮೊನ್ನೆ ಜೇಬಿನ ಮೂಲೆಯಲ್ಲಿ ಸೀಮೆಸುಣ್ಣದ ತುಂಡೊಂದು ಸಿಕ್ಕಿತು. “ಇದು ಕಾಂತವೂ ಅಲ್ಲ, ಕಬ್ಬಿಣವೂ ಅಲ್ಲ, ಬರೀ ಸೀಮೆಸುಣ್ಣ ಕಣೆ” ಅಂದೆ. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಅದನ್ನೂ ಜಗಲಿಯ ಮೇಲಿಟ್ಟು, “ಹೂಂ, ಈಗ ಹೋಗಿ” ಅಂದಳು.