ಕಿವಿಯಿಂದ ನೋವು ಅಳೆಯುವ ಡಾಕ್ಟರ ಸಾಹೇಬರಿಗೆ

ಸಾರವಾಡ, ೧೯೪೪ನೆಯ ಇಸವಿಯ ಸುಗ್ಗಿ

ಮಾನ್ಯರೇ,

ಬಬಲೇಶ್ವರ ಸೀಮೆಯಲ್ಲಿ, ಹೆಸರು ಬರೆದರೆ ತಮಗೆ ಮುಜುಗರವಾದೀತೆಂದು ನಾನು ಬರೆಯದೆ ಬಿಟ್ಟಿರುವ ದವಾಖಾನೆಯಲ್ಲಿ, ಕೊರಳಿಗೆ ಎದೆಬಡಿತ ಕೇಳುವ ನಳಿಗೆ ತೂಗುಹಾಕಿಕೊಂಡು ವಿರಾಜಮಾನರಾಗಿರುವ ತಮಗೆ ಶಿವಶರಣಪ್ಪನ ಸಾಷ್ಟಾಂಗ ನಮಸ್ಕಾರಗಳು. ನನ್ನ ಹೆಂಡತಿ ಅಕ್ಕನಾಗಮ್ಮನ ಕಾಲೊಂದನ್ನು ಬಿಟ್ಟು ಇಲ್ಲಿ ನಾವೆಲ್ಲರೂ ಕ್ಷೇಮ.

ಕಳೆದ ಸೋಮವಾರ ಜೋಳದ ಕಣಿಕೆ ಹೇರಿದ ಚಕ್ಕಡಿಯ ಗಾಲಿ ಹಾದು ಆಕೆಯ ಕಾಲಿನ ಎಲುಬು ಮುರಿದಾಗ, ಹಿರಿಯರೊಬ್ಬರು ಜೊತೆಗಿರಲೆಂದು ನನ್ನ ಅಪ್ಪ ಗುರಲಿಂಗಪ್ಪನವರನ್ನೂ ಕರೆದುಕೊಂಡೇ ತಮ್ಮಲ್ಲಿಗೆ ಬಂದೆವು. ಆಕೆಯನ್ನು ಮಲಗಿಸಿದ ಬೆಂಚಿನ ಎದುರಿಗೇ ಅಪ್ಪ ರುಮಾಲು ಸರಿಮಾಡಿಕೊಂಡು ಕುಳಿತರು. ನಮ್ಮ ಮನೆತನಗಳಲ್ಲಿ ಸೊಸೆಯಾದವಳು ಮಾವನ ಎದುರಿಗೆ ದನಿ ಎತ್ತುವುದಿಲ್ಲವೆಂಬುದು ಆ ಗಡಿಬಿಡಿಯಲ್ಲಿ ನನಗೂ ಅಪ್ಪನಿಗೂ ಹೊಳೆಯಲಿಲ್ಲ. ಆಕೆ ಮಾತ್ರ ಮರೆತಿರಲಿಲ್ಲ. ತಲೆಯ ಮೇಲೆ ಸೆರಗೆಳೆದುಕೊಂಡು, ಅದರ ಅಂಚನ್ನು ಹಲ್ಲಲ್ಲಿ ಕಚ್ಚಿ, ತುಟಿ ಪಿಟಕ್ಕೆನ್ನದೆ ಮಲಗಿದಳು.

ಇದು ಲಡಾಯಿಯ ಕಾಲ, ನೋವು ನಿಲ್ಲಿಸುವ ಸೂಜಿಮದ್ದಿಗೆ ಬರ, ಆದಕಾರಣ ಚೀರಿದವರಿಗೆ ಮಾತ್ರ ಸೂಜಿ ಎಂದು ತಾವು ಮಾಡಿರುವ ಕಾನೂನನ್ನು ಹೊಗಳಲು ನನ್ನ ಓದು ಸಾಲದು. ಅಳುವ ಮಗುವಿಗೆ ಹಾಲು ಎಂಬ ಗಾದೆಯನ್ನು ವೈದ್ಯಶಾಸ್ತ್ರಕ್ಕೆ ಸೇರಿಸಿದ ಕೀರ್ತಿ ತಮ್ಮದೇ. ಪಕ್ಕದ ಬೆಂಚಿನ ಬಸಗೊಂಡಪ್ಪ ಸಾವಕಾರರು ಕಂಕುಳಿನ ಒಂದು ಕುರುವಿಗಾಗಿ "ಸತ್ತೆನೋ ಯಪ್ಪಾ!" ಎಂದು ಒದರಿದಾಗ ಬೇವಿನ ಮರದ ಕಾಗೆಗಳೂ ಎದ್ದವು, ತಾವೂ ಎದ್ದಿರಿ. ಸೂಜಿ ಚುಚ್ಚಿಸಿಕೊಂಡ ಸಾವಕಾರರು ಗೊರಕೆ ಹೊಡೆಯತೊಡಗಿದ ಮೇಲೆ ನನ್ನ ಹೆಂಡತಿಯತ್ತ ತಿರುಗಿ, "ಭಾಳ ಗಟ್ಟಿ ಹೆಣ್ಮಗಳು ನೋಡ್ರಿ, ನೋವ ಇಲ್ಲ ಈಕಿಗೆ. ಹಂಗ ಎಳದು ಎಲುಬು ಕೂಡಿಸೂಣು" ಎಂದು ಅಪ್ಪಣೆ ಕೊಡಿಸಿದಿರಿ. "ಸಾಹೇಬ್ರ, ನೋವು ಭಾಳ ಐತ್ರಿ, ಆಕಿ ಮಾರಿ ನೋಡ್ರಿ" ಎಂದೆ. "ನಿಮಗೇನ ಗೊತ್ತ? ಆಕಿ ಸುಮ್ಮನ ಅದಾಳಲ್ಲ" ಎಂದಿರಿ. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು, ಆದರೆ ಅದರ ಸಪ್ಪಳ ಹೊರಗೆ ಕೇಳಿಸುವುದಿಲ್ಲವಲ್ಲ.

ತಾವು ಕಾಲು ಹಿಡಿದು ಒಮ್ಮೆ ಎಳೆದದ್ದೇ ತಡ, ಆಕೆಯ ಹಲ್ಲಿನಡಿ ಸೆರಗು ಚರ್ರನೆ ಹರಿಯಿತು. ಅಪ್ಪನಿಗೆ ಆಗ ತಿಳಿಯಿತು. "ಯವ್ವಾ, ನಾ ಹೊರಗ ಹೊಕ್ಕೇನಿ, ಒದರು ಬೇ" ಎಂದು ಅಂಗಳಕ್ಕೆ ಹೋದರು. ಆಕೆ ಒದರಲಿಲ್ಲ, ಏಕೆಂದರೆ ಅಂಗಳವೇನೂ ಮಾವನ ಕಿವಿಗೆ ದೂರವಲ್ಲ. ಆಗ, ಹೊಲದಲ್ಲಿ ಎತ್ತುಗಳ ಮೇಲೂ ದನಿ ಎತ್ತದ ನನ್ನ ಅಪ್ಪ ಬೇವಿನ ಮರಕ್ಕೆ ಆತುಕೊಂಡು, ರುಮಾಲು ಉದುರಿ ಬೀಳುವಂತೆ ಚೀರಿದರು. ಕಾನೂನಿಗೆ ತಪ್ಪದ ತಾವು ಕಾಲನ್ನು ಅಲ್ಲಿಯೇ ಬಿಟ್ಟು ಸೂಜಿ ಹಿಡಿದು ಓಡಿದಿರಿ. "ಎಲ್ಲೈತ್ರಿ ನೋವು, ಯಜಮಾನ್ರ?" ಎಂದಿರಿ. ಅಪ್ಪ ತಮ್ಮನ್ನು ಮುಂಗೈ ಹಿಡಿದು ಬೆಂಚಿನ ತನಕ ಕರೆತಂದು, "ಇಲ್ಲೈತ್ರಿ. ನೋವು ಆಕಿದು, ಬಾಯಿ ನಂದು" ಎಂದರು. ದವಾಖಾನೆಯ ಜನವೆಲ್ಲ ನೋಡುತ್ತಿದ್ದುದರಿಂದ ತಾವು ಚುಚ್ಚಿದಿರಿ. ಸ್ವಲ್ಪ ಹೊತ್ತಿಗೆ ಆಕೆಯ ಬಿಗಿದ ಮುಷ್ಟಿ ಸಡಿಲವಾಯಿತು, ನನಗೆ ಅಳು ಬಂತು. ಗಟ್ಟಿಯಾಗಿ ಅಳಲಿಲ್ಲವಾದ್ದರಿಂದ ತಾವು ಗಮನಿಸಿರಲಾರಿರಿ.

ಆದ್ದರಿಂದ ತಮ್ಮಲ್ಲಿ ನಮ್ರ ಬಿನ್ನಹವೇನೆಂದರೆ, ಸೊಸೆಯಂದಿರ ಪರವಾಗಿ ಚೀರಲು ಗಟ್ಟಿ ಗಂಟಲಿನವನೊಬ್ಬನನ್ನು ಸರಕಾರಿ ಸಂಬಳದ ಮೇಲೆ ನೇಮಿಸಬೇಕು. ಮೂಕರು ಕೈಕಾಲು ಮುರಿದುಕೊಂಡು ಬಂದರೆ ಅವರಿಗೊಂದು ತುತ್ತೂರಿ ಕೊಡಬೇಕು. ಎಚ್ಚರ ತಪ್ಪಿದವರನ್ನು ಮೊದಲು ಎಬ್ಬಿಸಿ, ಚೀರಿಸಿ, ಆಮೇಲೆ ಮಲಗಿಸಬೇಕು. ಇದಾವುದೂ ಕೈಗೂಡದಿದ್ದರೆ, ಸೆರಗು ಸರಿಸಿ ರೋಗಿಯ ಮುಖವನ್ನೊಮ್ಮೆ ನೋಡಿದರೂ ನಡೆದೀತು. ಅದಕ್ಕೆ ಲಡಾಯಿ ಮುಗಿಯುವವರೆಗೆ ಕಾಯಬೇಕಾಗಿಲ್ಲ.

ಇನ್ನೂ ತಮ್ಮ ವಿಶ್ವಾಸಿಯಾಗಿ ಉಳಿಯಲು ಹೆಣಗುತ್ತಿರುವ,
ಶಿವಶರಣಪ್ಪ

ತಾ.ಕ.: ತಾವು ದವಡೆ ಹಲ್ಲು ಕೀಳಿಸಿಕೊಳ್ಳಲು ಬರುವ ವಾರ ವಿಜಾಪುರಕ್ಕೆ ಹೊರಟಿರುವಿರೆಂದು ಕೇಳಿದೆ. ದಯಮಾಡಿ ತಮ್ಮ ಮಾವನವರನ್ನೂ ಕರೆದುಕೊಂಡು ಹೋಗಿ ಎದುರಿಗೇ ಕೂರಿಸಿಕೊಳ್ಳಬೇಕು. ಸೂಜಿ ಬೇಕೇ ಎಂದು ಅಲ್ಲಿಯವರು ಕೇಳಿದರೆ, "ನಮ್ಮ ಅಳಿಯಂದಿರು ಭಾಳ ಗಟ್ಟಿ, ಹಂಗ ಕೀಳ್ರಿ" ಎಂದು ಅವರೇ ಹೇಳಿಯಾರು.